ನೆಲವನ್ನು ಬಿಡದ ವಿಮಾನ

ನಮ್ಮ ಶಾಲೆಯಲ್ಲಿ ಓದಿದವರೆಲ್ಲರಿಗೂ ಹಾರ್ಮೋನಿಯಮ್ಮಿನ ತಿದಿಯ ಪರಿಚಯವುಂಟು. ಅಂಥವೇ ತಿದಿಗಳಿಂದ ಒಬ್ಬನು ವಿಮಾನವೊಂದನ್ನು ಮಾಡಿದನೆಂದೂ, ಅದು ಎಂದಿಗೂ ನೆಲವನ್ನು ಬಿಟ್ಟೇಳಲಿಲ್ಲವೆಂದೂ, ಆದರೂ ಲಕ್ಷಾಂತರ ಜನರು ಅದರಲ್ಲಿ ಕುಳಿತು ಹಾರುವ ವಿದ್ಯೆಯನ್ನು ಕಲಿತರೆಂದೂ ಹೇಳಿದರೆ ಕೆಲವರಿಗೆ ಆಶ್ಚರ್ಯವಾದೀತು. ಆ ಯಂತ್ರವು ಹೇಗೆ ಕೆಲಸ ಮಾಡುತ್ತಿತ್ತು, ಅದೇ ತತ್ತ್ವವನ್ನು ಹಿಡಿದು ಹಳೆಯ ವಿಮಾನವೊಂದರ ಕಾಕ್‌ಪಿಟ್ಟನ್ನು, ಅಂದರೆ ಚಾಲಕನು ಕೂಡುವ ಗೂಡನ್ನು, ಈಗ ಮನೆಯಲ್ಲಿಯೇ ಹೇಗೆ ಕಟ್ಟಬಹುದು ಎಂಬುದನ್ನು ಇಲ್ಲಿ ವಿಚಾರಿಸೋಣ.

1. ಯಂತ್ರದ ಹುಟ್ಟು

ಎಡ್ವಿನ್ ಲಿಂಕ್ ಎಂಬವನು 1904ರಲ್ಲಿ ಅಮೆರಿಕ ದೇಶದಲ್ಲಿ ಹುಟ್ಟಿದನು. ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್ಟನ್ ಪಟ್ಟಣದಲ್ಲಿ ಅವನ ತಂದೆಗೆ ಪಿಯಾನೋ ಮತ್ತು ಆರ್ಗನ್ ವಾದ್ಯಗಳನ್ನು ಮಾಡುವ ಕಾರ್ಖಾನೆಯಿತ್ತು. 1920ರಲ್ಲಿ ಲಿಂಕನು ವಿಮಾನ ನಡೆಸುವ ಮೊದಲನೆಯ ಪಾಠಕ್ಕೆ ಐವತ್ತು ಡಾಲರುಗಳನ್ನು ತೆತ್ತನು. ಆದರೆ ಚಾಲನದಂಡವನ್ನು ಮುಟ್ಟುವುದಕ್ಕೂ ಅವನಿಗೆ ಅವಕಾಶ ದೊರೆಯಲಿಲ್ಲ. ಅಲ್ಪ ವೆಚ್ಚದಲ್ಲಿ, ಪ್ರಾಣಭಯವಿಲ್ಲದೆ ಈ ವಿದ್ಯೆಯನ್ನು ಕಲಿಯುವುದೆಂತು? ಈ ಪ್ರಶ್ನೆಗೆ ಉತ್ತರವಾಗಿ ಅವನು ಕಾರ್ಖಾನೆಯ ನೆಲಮಾಳಿಗೆಯಲ್ಲಿ ತಿದಿ, ಕವಾಟ, ಗಾಳಿಯ ಪಂಪು ಮುಂತಾದ ವಾದ್ಯದ ಸಾಮಾನುಗಳನ್ನೇ ಜೋಡಿಸಿ, 1929ರ ಹೊತ್ತಿಗೆ ತನ್ನ ಯಂತ್ರವನ್ನು ಸಿದ್ಧಪಡಿಸಿದನು.

2. ಅದರ ರಚನೆ

ಮೋಟು ರೆಕ್ಕೆಗಳೂ ಬಾಲವೂ ಉಳ್ಳ ಒಂದು ಮರದ ಪೆಟ್ಟಿಗೆ. ಅದನ್ನು ಎಲ್ಲ ದಿಕ್ಕಿಗೂ ಬಾಗಬಲ್ಲ ಕೀಲಿನ ಮೇಲೆ ನಿಲ್ಲಿಸಿ, ಅಡಿಯಲ್ಲಿ ನಾಲ್ಕು ತಿದಿಗಳನ್ನು ಇಟ್ಟಿದ್ದರು. ವಿದ್ಯುತ್ತಿನ ಪಂಪು ಸದಾ ಗಾಳಿಯನ್ನು ಹೀರುತ್ತಿತ್ತು. ವಿದ್ಯಾರ್ಥಿಯು ದಂಡವನ್ನು ಎಡಕ್ಕೆ ಬಾಗಿಸಿದರೆ ಎಡಗಡೆಯ ತಿದಿಯ ಗಾಳಿಯು ಹೀರಲ್ಪಟ್ಟು ಅದು ಕುಗ್ಗುವುದು. ಬಲಗಡೆಯ ತಿದಿಗೆ ಹೊರಗಿನ ಗಾಳಿ ಸೇರಿ ಅದು ಉಬ್ಬುವುದು. ಪೆಟ್ಟಿಗೆಯು ಎಡಕ್ಕೆ ವಾಲುವುದು. ಮುಂದಕ್ಕೆ ಒತ್ತಿದರೆ ಮೂತಿ ಇಳಿಯುವುದು, ಹಿಂದಕ್ಕೆ ಎಳೆದರೆ ಏಳುವುದು. ಕಾಲಿನಿಂದ ಪೆಡಲನ್ನು ಒತ್ತಿದರೆ ಬೇರೊಂದು ತಿದಿಗಳ ಗುಂಪು ಇಡೀ ಪೆಟ್ಟಿಗೆಯನ್ನು ಸುತ್ತ ತಿರುಗಿಸುವುದು.

3. ಮೋಡದೊಳಗಿನ ಮೋಸ

ಆರಂಭದಲ್ಲಿ ಈ ಯಂತ್ರವನ್ನು ಹೆಚ್ಚಾಗಿ ಕೊಂಡವರು ವಿನೋದವನಗಳವರು. ಜನರು ಅದನ್ನು ಆಟದ ಸಾಮಾನೆಂದೇ ಎಣಿಸಿದರು. ಅದರ ನಿಜವಾದ ಬೆಲೆಯನ್ನು ತಿಳಿಯಬೇಕಾದರೆ ನಮ್ಮ ಕಿವಿಯ ವಿಷಯವನ್ನು ಸ್ವಲ್ಪ ತಿಳಿಯಬೇಕು.

ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದಾಗ ದ್ರವವು ಹಿಂದುಳಿಯುವುದರಿಂದ ತಿರುಗಿದೆವೆಂಬ ಅರಿವು ಉಂಟಾಗುತ್ತದೆ. ಆದರೆ ಒಂದೇ ಸಮನೆ ತಿರುಗುತ್ತಿದ್ದರೆ ದ್ರವವೂ ಅದೇ ವೇಗವನ್ನು ಹೊಂದುತ್ತದೆ. ಆಗ ತಿರುಗುತ್ತಿದ್ದರೂ ನೆಟ್ಟಗೆ ಹೋಗುತ್ತಿದ್ದೇವೆಂದು ತೋರುತ್ತದೆ. ತಿರುಗುವುದನ್ನು ನಿಲ್ಲಿಸಿದರೆ ಎದುರು ದಿಕ್ಕಿಗೆ ತಿರುಗಿದಂತೆ ಭ್ರಮೆಯಾಗುತ್ತದೆ. ಗಿರಗಿರನೆ ಸುತ್ತಿ ನಿಂತ ಮಕ್ಕಳೆಲ್ಲರೂ ಇದನ್ನು ಬಲ್ಲರು. ಬಯಲಿನಲ್ಲಿ ಕಣ್ಣು ಕಿವಿಯನ್ನು ತಿದ್ದುತ್ತದೆ, ಮೋಡದೊಳಗೆ ತಿದ್ದುವವರಾರು? ಅಲ್ಲಿ ಶರೀರದ ಸಾಕ್ಷಿಯನ್ನು ಬಿಟ್ಟು ಮುಳ್ಳುಗಳ ಸಾಕ್ಷಿಯನ್ನು ನಂಬಲು ಚಾಲಕನು ಕಲಿತಿರಬೇಕು. ಲಿಂಕನ ಪೆಟ್ಟಿಗೆಗೆ ಮುಚ್ಚಳವಿತ್ತು. ಅದನ್ನು ಮುಚ್ಚಿದರೆ ವಿದ್ಯಾರ್ಥಿಗೆ ಮುಳ್ಳುಗಳ ಹೊರತು ಬೇರೇನೂ ಕಾಣದು. ಹೊರಗೆ ಮೇಜಿನ ಬಳಿ ಕುಳಿತ ಉಪಾಧ್ಯಾಯರ ಮುಂದೆ ಚಿಕ್ಕ ಗಾಲಿಗಳ ಉಪಕರಣವೊಂದು ಭೂಪಟದ ಮೇಲೆ ಹರಿದು, ಅವನು ಹೋದ ದಾರಿಯನ್ನು ಮಸಿಯಿಂದ ಬರೆದು ತೋರಿಸುತ್ತಿತ್ತು.

1934ರಲ್ಲಿ ಅಮೆರಿಕದ ಸರಕಾರವು ವಿಮಾನದ ಟಪ್ಪಾಲನ್ನು ಸಾಗಿಸುವ ಭಾರವನ್ನು ಸೈನ್ಯಕ್ಕೆ ಒಪ್ಪಿಸಿತು. ಚಳಿಗಾಲದ ಮಂಜಿನಲ್ಲಿ, ಕತ್ತಲೆಯಲ್ಲಿ, ಮುಳ್ಳು ನೋಡಿ ಹಾರುವ ಅಭ್ಯಾಸ ಸಾಲದ ಚಾಲಕರಲ್ಲಿ ಹತ್ತಕ್ಕಿಂತಲೂ ಹೆಚ್ಚು ಮಂದಿ ಕೆಲವೇ ವಾರಗಳಲ್ಲಿ ಪ್ರಾಣ ಕಳೆದುಕೊಂಡರು. ಆಗ ಸೈನ್ಯದ ಅಧಿಕಾರಿಗಳು ಲಿಂಕನನ್ನು ಕರೆಯಿಸಿದರು. ಆ ದಿನದ ಮಂಜಿನಲ್ಲಿ ಅವನು ಬರಲಾರನೆಂದು ಅವರು ಎಣಿಸಿರುವಾಗಲೇ ಅವನು ಮುಳ್ಳುಗಳನ್ನು ನಂಬಿ ನ್ಯೂವಾರ್ಕಿಗೆ ಹಾರಿ ಬಂದಿಳಿದನು. ಅದಕ್ಕಿಂತ ಬೇರೆ ಸಾಕ್ಷಿ ಬೇಕಾಗಲಿಲ್ಲ. ಸೈನ್ಯವು ಆರು ಯಂತ್ರಗಳನ್ನು ಕೊಂಡುಕೊಂಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಮಾರು 10,000 ಯಂತ್ರಗಳು ತಯಾರಾದವು. 5 ಲಕ್ಷಕ್ಕೂ ಹೆಚ್ಚು ಮಂದಿ ಅವುಗಳಲ್ಲಿ ಕಲಿತರು. ನಮ್ಮ ಸೋದರಿಯರು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದುಂಟು: 1942ರಲ್ಲಿ ಸ್ಥಾಪಿತವಾದ ಅಮೆರಿಕದ ನೌಕಾಸೇನೆಯ ಸ್ತ್ರೀದಳದವರು ಈ ಯಂತ್ರದ ಉಪಾಧ್ಯಾಯಿನಿಯರಾಗಿ ಅನೇಕ ತರುಣ ಚಾಲಕರಿಗೆ ಪಾಠ ಹೇಳಿದರು.

4. ಮನೆಯಲ್ಲಿ ಕಟ್ಟುವ ಕ್ರಮ

ಈಗ ತಿದಿಯ ಕೆಲಸವನ್ನು ಬಹುಮಟ್ಟಿಗೆ ಕಂಪ್ಯೂಟರು ವಹಿಸಿಕೊಂಡಿದೆ. ಆದಕಾರಣ ಬಡಗಿಯ ಕೆಲಸವನ್ನು ಸ್ವಲ್ಪ ಬಲ್ಲವರು ಹಳೆಯ ವಿಮಾನದ ಕಾಕ್‌ಪಿಟ್ಟನ್ನು ಮನೆಯಲ್ಲಿಯೇ ಕಟ್ಟಬಹುದು. ಇದಕ್ಕೆ 1931ರಲ್ಲಿ ಮೊದಲು ಹಾರಿದ ಇಂಗ್ಲೆಂಡಿನ ಟೈಗರ್ ಮಾತ್ ಎಂಬ ಎರಡು ಜೊತೆ ರೆಕ್ಕೆಗಳ ವಿಮಾನವು ಬಹಳ ಯೋಗ್ಯವಾದುದು. ನಮ್ಮ ದೇಶದ ವಾಯುಪಡೆಯ ತರುಣರೂ ಹಿಂದೆ ಅದರಲ್ಲಿ ಕಲಿತರು. ಅದರಲ್ಲಿ ವೇಗ, ಎತ್ತರ, ತಿರುವು, ಎಂಜಿನಿನ ಸುತ್ತು, ಎಣ್ಣೆಯ ಒತ್ತಡ ಇವುಗಳನ್ನು ತೋರಿಸುವ ಮುಳ್ಳುಗಳೂ ಒಂದು ದಿಕ್ಸೂಚಿಯೂ ಇದ್ದರೆ ಮುಖ್ಯವಾದುದೆಲ್ಲ ಇದ್ದಂತೆಯೇ.

ಮೊದಲು ರಟ್ಟಿನಿಂದ ಗೂಡಿನ ಮಾದರಿಯನ್ನು ಮಾಡಿ ಅದರೊಳಗೆ ಕುಳಿತು ನೋಡಬೇಕು. ದಂಡವನ್ನು ಹಿಡಿದಾಗ ಮುಂಗೈ ತೊಡೆಯ ಮೇಲೆ ಊರುವಂತಿರಬೇಕು. ಇಲ್ಲವಾದರೆ ಕೈ ಬೇಗನೆ ದಣಿಯುತ್ತದೆ. ಬಳಿಕ ಪ್ಲೈವುಡ್ ಹಲಗೆಯಿಂದ ಅಡ್ಡ ಚೌಕಟ್ಟುಗಳನ್ನು ಕೊಯ್ದು, ಉದ್ದನೆಯ ಪಟ್ಟಿಗಳಿಂದ ಬಿಗಿಯಬೇಕು. ದಂಡಕ್ಕೆ ಕೊಳವೆಯೂ ಕಾಲಿಗೆ ನಡುವೆ ಕೀಲುಳ್ಳ ಅಡ್ಡಪಟ್ಟಿಯೂ ಸಾಕು. ಕೈಬಿಟ್ಟಾಗ ಅವು ನಡುವಿಗೆ ಬರುವಂತೆ ಸ್ಪ್ರಿಂಗುಗಳನ್ನು ಕಟ್ಟಬೇಕು. ರೇಡಿಯೋದ ಧ್ವನಿಯನ್ನು ಏರಿಸಿ ಇಳಿಸುವ ಗುಂಡಿಯೊಳಗೆ ಇರುವಂಥ ಸಾಧನವನ್ನು ಕೀಲಿಗೆ ಜೋಡಿಸಿದರೆ, ದಂಡವು ಎಷ್ಟು ಬಾಗಿತೆಂಬುದು ವಿದ್ಯುತ್ತಿನ ಮೂಲಕ ಕಂಪ್ಯೂಟರಿಗೆ ತಿಳಿಯುತ್ತದೆ. ಮುಳ್ಳುಗಳನ್ನು ಬೇರೆಬೇರೆಯಾಗಿ ಮಾಡಬೇಕಾಗಿಲ್ಲ. ಹಲಗೆಯಲ್ಲಿ ದುಂಡು ರಂಧ್ರಗಳನ್ನು ಕೊರೆದು ಹಿಂದೆ ಒಂದು ಪರದೆಯನ್ನಿಟ್ಟರೆ ಮುಳ್ಳುಗಳೆಲ್ಲವೂ ಅದರಲ್ಲಿಯೇ ಕಾಣುವವು. ಎದುರಿಗೆ ಇನ್ನೊಂದು ಪರದೆ ಆಕಾಶಕ್ಕೆ.

ಇಂಥ ಗೂಡಿನಲ್ಲಿ ಕುಳಿತವರಿಗೆ ವಿಮಾನ ನಡೆಸುವ ಅನುಮತಿ ಪತ್ರವು ದೊರೆಯದು. ಗಾಳಿಯ ಹೊಡೆತವೂ ತಿರುವಿನಲ್ಲಿ ಮೈಮೇಲೆ ಬೀಳುವ ಭಾರವೂ ಅಲ್ಲಿಲ್ಲ. ಆದರೆ ಅಲ್ಲಿ ಬಿದ್ದವರು ಎದ್ದು ಮತ್ತೆ ಹಾರಬಹುದು. ಇದೇ ಅದರ ದೊಡ್ಡ ಗುಣ. ತಪ್ಪಿಗೆ ಪ್ರಾಣವನ್ನು ತೆರಬೇಕಾಗಿದ್ದ ವಿದ್ಯೆಯಲ್ಲಿ, ತಪ್ಪಿ ತಿದ್ದಿಕೊಳ್ಳುವುದಕ್ಕೆ ಸ್ಥಳವೊಂದನ್ನು ಮಾಡಿಕೊಟ್ಟದ್ದೇ ಲಿಂಕನ ಉಪಕಾರ. ಮಗಳು ಹಲಗೆ, ತಂತಿ, ಮೊಳೆಗಳನ್ನು ಪಡಸಾಲೆಯ ತುಂಬ ಹರಡಿಕೊಂಡು ಕುಳಿತಳೆಂದರೆ, ತಾಯಿತಂದೆಗಳು ಅದನ್ನು ಕೂಡಲೇ ಗುಡಿಸಿ ಹಾಕದೆ, ಅವಳು ಏನು ಕಟ್ಟುತ್ತಿರುವಳೆಂದು ಒಮ್ಮೆ ಕೇಳುವುದು ಒಳ್ಳೆಯದು.