ಮಾಜಿ ಸೈನಿಕರ ಕೆಟ್ಟ ಕನಸಿಗೆ ಚಿಕಿತ್ಸೆ ಇದೆ

ಮೊಣಕಾಲಿನ ಆಪರೇಷನ್‌ಗೆಂದು ಬಂದ ಮಾಜಿ ಸೈನಿಕರೊಬ್ಬರು ನಡುರಾತ್ರಿ ಚೀರಿ ಎದ್ದು ಕುಳಿತರೆ ಇಡೀ ವಾರ್ಡಿಗೆ ಎಚ್ಚರವಾಗುತ್ತದೆ. ಬೆಳಿಗ್ಗೆ ಮನೆಯವರು ತಗ್ಗಿದ ದನಿಯಲ್ಲಿ, "ಇದು ಇವತ್ತಿನದಲ್ಲ ಸಿಸ್ಟರ್, ಮಿಲಿಟರಿಯಿಂದ ಬಂದಾಗಿನಿಂದಲೂ ಹೀಗೇ" ಎನ್ನುತ್ತಾರೆ. ಕೆಲವರು ತಾಯತ ಕಟ್ಟಿಸಿರುತ್ತಾರೆ. ವೈದ್ಯರ ಮುಂದೆ ಮಾತ್ರ ಬಾಯಿ ಬಿಟ್ಟಿರುವುದಿಲ್ಲ.

ಇದು ಪುಕ್ಕಲುತನವಲ್ಲ. ಗುಂಡಿನ ಕಾಳಗ, ಜೊತೆಗಾರನ ಸಾವು ಕಂಡ ಕೆಲವರಿಗೆ ಅದೇ ಘಟನೆ ವರ್ಷಗಟ್ಟಲೆ ಕನಸಿನಲ್ಲಿ ಮರುಕಳಿಸುತ್ತದೆ. ಆಘಾತದ ನಂತರ ಬರುವ ಈ ಮಾನಸಿಕ ಕಾಯಿಲೆಗೆ ಪಿ.ಟಿ.ಎಸ್.ಡಿ. ಎನ್ನುತ್ತಾರೆ. ವಿಯೆಟ್ನಾಂ ಯುದ್ಧದ ನಂತರ, 1980ರಲ್ಲಿ, ಅಮೆರಿಕದ ಮನೋವೈದ್ಯರು ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದರು.

ಕನಸನ್ನು ಹಗಲಿನಲ್ಲಿ ತಿದ್ದುವುದು ಒಂದು ಮುಖ್ಯ ಚಿಕಿತ್ಸೆ. ರೋಗಿ ಒಂದು ಕನಸನ್ನು ಆರಿಸಿಕೊಳ್ಳುತ್ತಾರೆ. ಮೊದಲಿಗೇ ಅತಿ ಭೀಕರವಾದದ್ದು ಬೇಡ. ಅದರ ಕಥೆಯನ್ನು ತಮಗೆ ಬೇಕಾದಂತೆ ಬದಲಿಸಿ ಬರೆಯುತ್ತಾರೆ. ಕಂದಕದಲ್ಲಿ ಒಬ್ಬರೇ ಸಿಕ್ಕಿಕೊಂಡ ಕನಸಾದರೆ, ಹೊಸ ಕಥೆಯಲ್ಲಿ ಕಂದಕ ಹತ್ತಿದೊಡನೆ ಸ್ವಂತ ಹೊಲದ ಬದು, ಎದುರಿಗೆ ಜೋಳದ ಬೆಳೆ ಕಾಣಬಹುದು. ಈ ಹೊಸ ಕನಸನ್ನು ದಿನಾಲೂ 10ರಿಂದ 20 ನಿಮಿಷ ಮನಸ್ಸಿನಲ್ಲೇ ನೋಡಬೇಕು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಸಾಕು. ಕೇಳಿದರೆ ಮಕ್ಕಳಾಟ ಅನ್ನಿಸುತ್ತದೆ, ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ 2018ರಲ್ಲಿ ಅಮೆರಿಕದ ನಿದ್ರಾ ವೈದ್ಯರ ಸಂಸ್ಥೆ ಶಿಫಾರಸು ಮಾಡಿದ್ದು ಈ ವಿಧಾನವನ್ನೇ. ತರಬೇತಿ ಇರುವ ಮನೋವೈದ್ಯರು ಅಥವಾ ಮನಃಶಾಸ್ತ್ರಜ್ಞರ ಬಳಿ ಕಲಿತು ಆರಂಭಿಸಬೇಕು.

ಪ್ರಜೋಸಿನ್ ಎಂಬ ಮಾತ್ರೆಯೂ ಇದೆ. ಮೂಲತಃ ರಕ್ತದೊತ್ತಡದ ಔಷಧಿ. 304 ಮಾಜಿ ಸೈನಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹುಸಿ ಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಆದರೂ ಕೆಲವರಿಗೆ ಉಪಯೋಗವಾಗುವುದರಿಂದ ವೈದ್ಯರು ಕೊಡುವುದುಂಟು. ಮೊದಲ ದಿನಗಳಲ್ಲಿ ತಲೆ ಸುತ್ತಬಹುದು, ಹಾಸಿಗೆಯಿಂದ ನಿಧಾನವಾಗಿ ಏಳಿ.

ಕ್ಯಾಂಟೀನಿನ ರಮ್ ಔಷಧಿಯಲ್ಲ. ಕುಡಿದರೆ ಬೇಗ ನಿದ್ದೆ ಬರುತ್ತದೆ, ಬೆಳಗಿನ ಜಾವ ಕನಸು ಇನ್ನೂ ಜೋರಾಗುತ್ತದೆ. ದಿನಾ ಕುಡಿಯುವವರು ದಾಖಲಾಗುವಾಗಲೇ ನಮಗೆ ಹೇಳಿಬಿಡಿ. ಒಮ್ಮೆಲೇ ಬಿಟ್ಟಾಗ ಎರಡು ಮೂರನೇ ದಿನಕ್ಕೆ ಕೈ ನಡುಕ, ಗೊಂದಲದ ಮಾತು, ಫಿಟ್ಸ್ ಬರಬಹುದು. ಅದು ಕನಸಲ್ಲ, ತುರ್ತು ಚಿಕಿತ್ಸೆ ಬೇಕು.

ಮನೆಯವರು ಗಮನಿಸಿ. ಕನಸಿನಲ್ಲಿ ಒದ್ದಾಡುವವರನ್ನು ಮೈ ಮುಟ್ಟಿ ಅಲುಗಾಡಿಸಬೇಡಿ. ಶತ್ರು ಎಂದು ತಿಳಿದು ಕೈ ಬೀಸಿಬಿಡಬಹುದು. ಎಚ್ಚರವಾದ ಮೇಲೆ ತಮ್ಮ ಏಟು ಹೆಂಡತಿಗೆ ಬಿದ್ದದ್ದು ಕಂಡು ಬೇರೆ ಕೋಣೆಯಲ್ಲಿ ಮಲಗತೊಡಗಿದವರಿದ್ದಾರೆ. ದೀಪ ಹಾಕಿ, ಕಾಲ ಬದಿಗೆ ದೂರ ನಿಂತು ಕರೆಯಿರಿ. ಗಂಡನ ಹೆಸರು ಹಿಡಿಯದ ತಾಯಂದಿರು ಮಗುವಿನ ಹೆಸರು ಸೇರಿಸಿ "ಬಸೂನ ಅಪ್ಪಾ, ಮನೆಯಲ್ಲೇ ಇದ್ದೀರಿ" ಎಂದರಾಯಿತು. ಲೈಸೆನ್ಸ್ ಬಂದೂಕು, ಕೊಡಲಿ ಹಾಸಿಗೆಯ ಹತ್ತಿರ ಇರಕೂಡದು.

ಇ.ಸಿ.ಎಚ್.ಎಸ್. ಕಾರ್ಡ್ ಇದ್ದವರು ತಮ್ಮ ಪಾಲಿಕ್ಲಿನಿಕ್‌ನಲ್ಲಿ ಕೇಳಿ ಮನೋವೈದ್ಯರಿಗೆ ಚೀಟಿ ಬರೆಸಿಕೊಳ್ಳಬಹುದು. ಬದುಕು ಸಾಕು ಎಂಬ ಮಾತು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ವಾರ್ಡಿನಲ್ಲಿದ್ದರೆ ರಾತ್ರಿ ಪಾಳಿಯ ಸಿಸ್ಟರ್‌ನ್ನು ಕರೆಯಿರಿ.