ಶಾಲೆಗೆ ಬರುವ 'ಸಿಸ್ಟರ್' ಯಾರು?

"ಶಾಲೆಯಲ್ಲಿ ಮಗುವನ್ನು ನೋಡಿದ್ದಾರೆ, ಏನೂ ತೊಂದರೆ ಇಲ್ಲವಂತೆ" ಎಂದು ಸುಮ್ಮನಾಗುವ ತಾಯ್ತಂದೆಯರು ಬಹಳ. ನೋಡಿದ್ದು ಯಾರು? ವೈದ್ಯರೇ, ನರ್ಸೇ, ಶಿಕ್ಷಕಿಯೇ? ಬಿಳಿ ಕೋಟು ಹಾಕಿದವರೆಲ್ಲ ನಮಗೆ 'ಸಿಸ್ಟರ್'. ಆದರೆ ಅವರವರ ಓದಿಗೆ ತಕ್ಕಂತೆ ಕೆಲಸಕ್ಕೂ ಗಡಿಯಿದೆ.

ಎಎನ್‌ಎಂ ಓದು 2 ವರ್ಷ, ಜಿಎನ್‌ಎಂ 3 ವರ್ಷ, ಬಿಎಸ್ಸಿ ನರ್ಸಿಂಗ್ 4 ವರ್ಷ. 10 ಮತ್ತು 16ನೇ ವಯಸ್ಸಿನ ಟಿಡಿ ಚುಚ್ಚುಮದ್ದು ಹಾಕುವವರು ಸಾಮಾನ್ಯವಾಗಿ ಎಎನ್‌ಎಂ. ವೈದ್ಯರು ಬರೆದ ಔಷಧಿ ಕೊಡುವುದು, ಮಗುವಿನ ಮೇಲೆ ನಿಗಾ ಇಡುವುದು ನರ್ಸ್ ಕೆಲಸ. ಕಾಯಿಲೆ ಇಂಥದ್ದೇ ಎಂದು ತೀರ್ಮಾನಿಸುವುದು ವೈದ್ಯರ ಕೆಲಸ.

ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆಯಾದರೂ ಬರಬೇಕು. 2013ರಲ್ಲಿ ಆರಂಭವಾದ ಯೋಜನೆ ಇದು. ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ಎಎನ್‌ಎಂ ಅಥವಾ ಸ್ಟಾಫ್ ನರ್ಸ್, ಒಬ್ಬ ಫಾರ್ಮಸಿಸ್ಟ್ ಇರಬೇಕೆಂಬುದು ನಿಯಮ. ವೈದ್ಯರಲ್ಲಿ ಒಬ್ಬರು ಮಹಿಳೆ. ಆದ್ದರಿಂದ ದೊಡ್ಡವಳಾದ ಮಗಳನ್ನು ತಪಾಸಣೆಯ ದಿನ ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಮಹಿಳಾ ವೈದ್ಯರೇ ನೋಡಲಿ ಎಂದು ಮುಖ್ಯ ಶಿಕ್ಷಕರಿಗೆ ಮೊದಲೇ ತಿಳಿಸಿ. ರಕ್ತಹೀನತೆ, ದೃಷ್ಟಿದೋಷ, ಹೃದಯದ ದೋಷ ಹೀಗೆ ಅನೇಕ ತೊಂದರೆಗಳನ್ನು ಅವರು ಹುಡುಕುತ್ತಾರೆ. ಹುಡುಕುವುದಷ್ಟೇ, ಚಿಕಿತ್ಸೆ ಮುಂದಿನ ಆಸ್ಪತ್ರೆಯಲ್ಲಿ. ಅದಕ್ಕಾಗಿ ಕೊಟ್ಟ ಚೀಟಿ ಎಷ್ಟೋ ಮನೆಗಳಲ್ಲಿ ಪುಸ್ತಕದ ಚೀಲದಲ್ಲೇ ಹರಿದುಹೋಗುತ್ತದೆ. ಈ ಯೋಜನೆಯಡಿ ಚಿಕಿತ್ಸೆ ಉಚಿತ. ಚೀಟಿ ಹಿಡಿದು ಹೋಗಿ.

ಖಾಸಗಿ ಶಾಲೆಯಲ್ಲಿ 'ನರ್ಸ್ ಇದ್ದಾರೆ' ಎಂದರೆ ಏನು ಓದಿದ್ದಾರೆ, ನರ್ಸಿಂಗ್ ಕೌನ್ಸಿಲ್ ನೋಂದಣಿ ಇದೆಯೇ ಎಂದು ಕೇಳಿ. ಕೇಳಲು ಸಂಕೋಚ ಬೇಡ. ಪ್ರಥಮ ಚಿಕಿತ್ಸೆ ಕಲಿತ ಆಯಾ ಗಾಯಕ್ಕೆ ಪಟ್ಟಿ ಕಟ್ಟಬಹುದು, ಇನ್ಸುಲಿನ್ ಪ್ರಮಾಣ ನಿರ್ಧರಿಸಲಾರರು. ಮಗುವಿಗೆ ಉಬ್ಬಸ, ಮೂರ್ಛೆರೋಗ ಅಥವಾ ಸಕ್ಕರೆ ಕಾಯಿಲೆಯಿದ್ದರೆ ವೈದ್ಯರ ಚೀಟಿಯ ಪ್ರತಿ, ಔಷಧಿ, ನಿಮ್ಮ ಫೋನ್ ನಂಬರ್ ಶಾಲೆಯಲ್ಲಿರಲಿ. ಬಾಯಿಮಾತಿನಲ್ಲಿ ಹೇಳಿದ್ದು ಟೀಚರ್ ಬದಲಾದ ದಿನ ಮರೆತುಹೋಗುತ್ತದೆ. ನಮ್ಮ ಯುನಾನಿಯ ಮಾಜೂನ್, ಖಮೀರಾ ಕೂಡ ಡಬ್ಬಿಯಲ್ಲಿ ಕಟ್ಟಿ ಟೀಚರ್ ಕೈಗೆ ಕೊಡಬೇಡಿ. ಅದು ಮನೆಯಲ್ಲೇ ಆಗಲಿ.

10 ವರ್ಷ ದಾಟಿದ ಮಕ್ಕಳಿಗೆ ವಾರಕ್ಕೊಮ್ಮೆ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಊಟದ ನಂತರ ಶಿಕ್ಷಕರೇ ಕೊಡುತ್ತಾರೆ. ರಮಝಾನಿನಲ್ಲಿ ಉಪವಾಸವಿರುವ ಹೆಣ್ಣುಮಕ್ಕಳು ಇದನ್ನು ಬಿಟ್ಟುಬಿಡುತ್ತಾರೆ. ಮಾತ್ರೆಯನ್ನು ಮನೆಗೆ ಕೊಡುವಂತೆ ಕೇಳಿ, ಇಫ್ತಾರ್ ಊಟದ ನಂತರ ನೀರಿನೊಂದಿಗೆ ನುಂಗಿಸಿ. ಚಹಾ ಒಂದು ಗಂಟೆ ತಡವಾಗಿ ಕುಡಿಯಲಿ, ಇಲ್ಲವಾದರೆ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ.