ಸೂರ್ಯನನ್ನು ತೂಕ ಹಾಕೋಕೆ ಯಾವ ಡಿಗ್ರಿ ಓದಬೇಕು?

ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಜನ ಇದ್ದೇವೆ. ಒಬ್ಬನದು ಹುಣಸೂರು, ಒಬ್ಬನದು ಪಿರಿಯಾಪಟ್ಟಣ, ಇನ್ನೊಬ್ಬನದು ಕೆ.ಆರ್. ನಗರ, ಮತ್ತೊಬ್ಬನದು ಎಚ್.ಡಿ. ಕೋಟೆ. ನಾಲ್ಕೂ ಜನ ಇಂಜಿನಿಯರಿಂಗ್ ಸೆಕೆಂಡ್ ಇಯರ್. ದಸರಾ ರಜೆಗೆ ಕೋಟೆಯವನ ಮನೆಗೆ ಹೋಗಿದ್ದಾಗ ಸೆಕೆಂಡ್ ಪಿಯುಸಿ ಓದುತ್ತಿರುವ ಅವನ ತಂಗಿ ನಮ್ಮನ್ನು ಹಿಡಿದುಕೊಂಡಳು. "ಅಣ್ಣ, ನಾನು ಆಸ್ಟ್ರೋಫಿಸಿಕ್ಸ್ ಓದ್ಬೇಕು. ಏನ್ ಮಾಡ್ಬೇಕು ಹೇಳಿ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳ ಅಪ್ಪ ಪಕ್ಕದಲ್ಲೇ ಕೂತಿದ್ದರು. "ಬಿಎಸ್ಸಿ ಮಾಡ್ಕೊಂಡು ಏನ್ ಮಾಡ್ತೀಯವ್ವ? ಅಣ್ಣನ ಥರ ಇಂಜಿನಿಯರಿಂಗ್ ಸೇರ್ಕೋ" ಅಂದರು. ಅವರ ಮಾತಲ್ಲೂ ತಪ್ಪಿಲ್ಲ. ಹೊಗೆಸೊಪ್ಪಿನ ರೇಟು ಈ ವರ್ಷ ಹೇಗೋ ಎಂದು ಲೆಕ್ಕ ಹಾಕುವ ಮನೆಯಲ್ಲಿ ಮಗಳ ಕೆಲಸದ ಚಿಂತೆ ಇದ್ದೇ ಇರುತ್ತೆ. ಆದರೆ ನಿಜ ಹೇಳಬೇಕೆಂದರೆ, ನಮ್ಮಲ್ಲೂ ಒಬ್ಬನಿಗೆ ಫಿಸಿಕ್ಸ್ ಓದುವ ಆಸೆ ಇತ್ತು. ದಾರಿ ಗೊತ್ತಿರಲಿಲ್ಲ, ಸಿಇಟಿ ಬರೆದು ಎಲ್ಲರ ಜೊತೆ ಬಂದುಬಿಟ್ಟ. ಆ ಹುಡುಗಿಗೂ ಹಾಗೇ ಆಗಬಾರದು ಅಂತ ನಾವು ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ತಪ್ಪಿದ್ದರೆ ಕ್ಷಮಿಸಿ.

ಮೊದಲು ಒಂದು ಲೆಕ್ಕ

ಸೂರ್ಯನ ತೂಕ ಎಷ್ಟು? ತೂಕ ಅಂದರೆ ಇಲ್ಲಿ ದ್ರವ್ಯರಾಶಿ. ಇದಕ್ಕೆ ದೊಡ್ಡ ಟೆಲಿಸ್ಕೋಪ್ ಬೇಡ, ಫಸ್ಟ್ ಪಿಯುಸಿ ಪುಸ್ತಕ ಸಾಕು. ಭೂಮಿ ಸೂರ್ಯನ ಸುತ್ತ ತಿರುಗಬೇಕಾದರೆ ಯಾವುದಾದರೂ ಬಲ ಅದನ್ನು ಒಳಗೆ ಎಳೆಯುತ್ತಿರಬೇಕು. ಆ ಬಲವೇ ಗುರುತ್ವ. ವೃತ್ತಾಕಾರದ ಚಲನೆಗೆ ಬೇಕಾದ ಬಲ ಮತ್ತು ಗುರುತ್ವ ಬಲ, ಎರಡನ್ನೂ ಸಮ ಮಾಡಿ. ಭೂಮಿಯ ದ್ರವ್ಯರಾಶಿ ಎರಡೂ ಕಡೆ ಇರುವುದರಿಂದ ಹೊಡೆದುಹೋಗುತ್ತೆ. ಉಳಿಯೋದು ಇಷ್ಟೆ:

ಸೂರ್ಯನ ದ್ರವ್ಯರಾಶಿ = ವೇಗ × ವೇಗ × ದೂರ ÷ ಗುರುತ್ವ ಸ್ಥಿರಾಂಕ

ದೂರ ಸುಮಾರು 15 ಕೋಟಿ ಕಿ.ಮೀ., ಅಂದರೆ 1.5 × 10¹¹ ಮೀಟರ್. ಅಷ್ಟು ದೊಡ್ಡ ವೃತ್ತವನ್ನು ಭೂಮಿ 365 ದಿನದಲ್ಲಿ ಸುತ್ತಬೇಕಾದರೆ ವೇಗ ಸೆಕೆಂಡಿಗೆ ಸುಮಾರು 30,000 ಮೀಟರ್. ಗುರುತ್ವ ಸ್ಥಿರಾಂಕ 6.67 × 10⁻¹¹. ಹಾಕಿ ನೋಡಿದರೆ ಉತ್ತರ ಸುಮಾರು 2 × 10³⁰ ಕೆ.ಜಿ. ತಕ್ಕಡಿ ಇಲ್ಲದೆ ಸೂರ್ಯನನ್ನು ತೂಗಿದ್ದಾಯಿತು!

ಈಗ ಇದನ್ನೇ ತಿರುಗಿಸಿ. ದೂರ ಹೆಚ್ಚಾದಷ್ಟೂ ವೇಗ ಕಡಿಮೆ ಆಗಬೇಕು. ಹಾಗೇ ಆಗುತ್ತೆ: ಹತ್ತಿರದ ಬುಧ ಸೆಕೆಂಡಿಗೆ ಸುಮಾರು 47 ಕಿ.ಮೀ. ಓಡಿದರೆ, ದೂರದ ನೆಪ್ಚೂನ್ 5.4 ಕಿ.ಮೀ. ಮಾತ್ರ. ಇದೇ ನಿಯಮ ಗ್ಯಾಲಕ್ಸಿಗಳಿಗೂ ಅನ್ವಯಿಸಬೇಕು. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗ್ಯಾಲಕ್ಸಿಯ ವೇಗಗಳನ್ನು ಅಳೆದು ಪ್ರಕಟಿಸಿದರು. ಮುಂದಿನ ವರ್ಷಗಳಲ್ಲಿ ಇನ್ನೂ ಹಲವು ಗ್ಯಾಲಕ್ಸಿಗಳಲ್ಲಿ ಅದೇ ಕಂಡಿತು: ಅಂಚಿನಲ್ಲಿ ವೇಗ ಇಳಿಯಬೇಕಾದಷ್ಟು ಇಳಿಯುತ್ತಲೇ ಇಲ್ಲ. ಅಂದರೆ ಕಣ್ಣಿಗೆ ಕಾಣದ ದ್ರವ್ಯ ಅಲ್ಲಿ ಇರಬೇಕು. ಅದನ್ನೇ ಡಾರ್ಕ್ ಮ್ಯಾಟರ್ ಅನ್ನುತ್ತಾರೆ. ಅದು ಏನು ಅಂತ ಇವತ್ತಿಗೂ ಯಾರಿಗೂ ತಿಳಿದಿಲ್ಲ. ಪಿಯುಸಿ ಸೂತ್ರದಿಂದ ಜಗತ್ತಿನ ದೊಡ್ಡ ಪ್ರಶ್ನೆಗೆ ಎರಡೇ ಹೆಜ್ಜೆ.

ಹಾಗಾದರೆ ಏನು ಓದಬೇಕು?

ಇಲ್ಲೇ ನಾವು ಎಡವಿದ್ದು. 'ಬಿಎಸ್ಸಿ ಆಸ್ಟ್ರೋಫಿಸಿಕ್ಸ್' ಅಂತ ಬೋರ್ಡ್ ಹುಡುಕಿಕೊಂಡು ಹೋಗಬೇಡಿ. ಆಸ್ಟ್ರೋಫಿಸಿಕ್ಸ್ ಅಂದರೆ ಆಕಾಶಕ್ಕೆ ಹಚ್ಚಿದ ಫಿಸಿಕ್ಸ್. ಡಿಗ್ರಿಯಲ್ಲಿ ಬೇಕಾದ್ದು ಗಟ್ಟಿಯಾದ ಫಿಸಿಕ್ಸ್ ಮತ್ತು ಮ್ಯಾಥ್ಸ್.

ಒಂದೊಂದು ಪೇಪರೂ ಹೇಗೆ ಉಪಯೋಗಕ್ಕೆ ಬರುತ್ತೆ ನೋಡಿ. ಶಾಖದ ಪಾಠ: ಕಾದ ಕಬ್ಬಿಣ ಮೊದಲು ಕೆಂಪು, ಇನ್ನೂ ಕಾದರೆ ಹಳದಿ. ನಕ್ಷತ್ರಗಳೂ ಹಾಗೆ. ನಮ್ಮ ರೈತರು ಮಳೆಗೆ ಹೆಸರಿಟ್ಟುಕೊಂಡಿರುವ ಆರಿದ್ರಾ ನಕ್ಷತ್ರ ಕೆಂಪಗೆ ಕಾಣುತ್ತೆ, ಯಾಕಂದರೆ ಅದರ ಮೇಲ್ಮೈ ತಾಪ ಸುಮಾರು 3,500 ಕೆಲ್ವಿನ್. ಸೂರ್ಯನದು ಸುಮಾರು 5,800. ಕ್ವಾಂಟಮ್ ಪಾಠ: ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿದರೆ ಅಲ್ಲಿ ಯಾವ ಧಾತು ಇದೆ ಅಂತ ತಿಳಿಯುತ್ತೆ. ನ್ಯೂಕ್ಲಿಯರ್ ಪಾಠ: ಹೈಡ್ರೋಜನ್ ಹೀಲಿಯಂ ಆಗುವುದರಿಂದಲೇ ಸೂರ್ಯ ಉರಿಯುತ್ತಿರುವುದು.

ಎಲ್ಲಿ ಓದಬೇಕು?

ಹತ್ತಿರದ ದಾರಿ ಮೈಸೂರು. ಯುವರಾಜ ಕಾಲೇಜಿನಂಥ ಕಡೆ ಫಿಸಿಕ್ಸ್, ಮ್ಯಾಥ್ಸ್ ತೆಗೆದುಕೊಂಡು ಬಿಎಸ್ಸಿ, ಆಮೇಲೆ ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ. 2024ರಿಂದ ರಾಜ್ಯದಲ್ಲಿ ಡಿಗ್ರಿ ಮತ್ತೆ 3 ವರ್ಷದ್ದು. ನಿಮ್ಮ ತಾಲ್ಲೂಕಿನ ಪ್ರಥಮ ದರ್ಜೆ ಕಾಲೇಜಿಗೆ ಸೇರುವುದಾದರೆ ಫಿಸಿಕ್ಸ್ ಜೊತೆ ಮ್ಯಾಥ್ಸ್ ಇದೆಯಾ, ಲ್ಯಾಬ್ ನಡೆಯುತ್ತಾ ಅಂತ ಮೊದಲು ವಿಚಾರಿಸಿ.

ಟೀಚರ್ ಕೆಲಸದ ಭರವಸೆಯೂ ಜೊತೆಗಿರಲಿ ಅನ್ನುವ ಮನೆಯವರಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ಅಲ್ಲಿ ವಿಜ್ಞಾನ ಪದವಿ ಮತ್ತು ಬಿಎಡ್ ಸೇರಿ 4 ವರ್ಷ, ಪ್ರವೇಶ ಪರೀಕ್ಷೆ ಇರುತ್ತೆ. ಇನ್ನೂ ಕಷ್ಟದ ಬಾಗಿಲು ಬೇಕಾದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 4 ವರ್ಷದ ಬಿಎಸ್, ಅಥವಾ ಐಸರ್‌ಗಳ 5 ವರ್ಷದ ಬಿಎಸ್-ಎಂಎಸ್. ಬಿಎಸ್ಸಿ ಆದ ಮೇಲೆ ಎಂಎಸ್ಸಿಗೆ ಜ್ಯಾಮ್, ಪಿಎಚ್‌ಡಿಗೆ ಜೆಸ್ಟ್ ಎಂಬ ಪರೀಕ್ಷೆಗಳಿವೆ. ಪಿಎಚ್‌ಡಿ ಮಾಡೋಕೆ ದೂರ ಹೋಗಬೇಕಿಲ್ಲ. ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಬೆಂಗಳೂರಿನಲ್ಲೇ ಇವೆ. ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣ ತಯಾರಾದದ್ದು ಮೊದಲನೆಯ ಸಂಸ್ಥೆಯ ಕೈಯಲ್ಲೇ. ನೌಕೆ ಹಾರಿದ್ದು 2023ರ ಸೆಪ್ಟೆಂಬರ್ 2ರಂದು.

ನಮ್ಮವರೇ ಒಬ್ಬರು

ಇಲ್ಲಿ ಓದಿದವರಿಗೆ ಆಗುತ್ತಾ ಅಂತ ಕೇಳಿದರೆ ಸಿ.ವಿ. ವಿಶ್ವೇಶ್ವರ ಅವರ ಹೆಸರು ಹೇಳಿ. ಬೆಂಗಳೂರಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾನಿಲಯದ ಡಿಗ್ರಿ ಪಡೆದು ಅಮೆರಿಕಕ್ಕೆ ಹೋದರು. ಗಂಟೆಗೆ ಹೊಡೆದರೆ ಅದು ತನ್ನದೇ ಸ್ವರದಲ್ಲಿ ನಾದ ಮಾಡಿ ನಿಧಾನವಾಗಿ ಅಡಗುತ್ತಲ್ಲ, ಕಪ್ಪುಕುಳಿಯೂ ಹಾಗೇ ಎಂದು 1970ರಲ್ಲಿ ಲೆಕ್ಕದಿಂದ ತೋರಿಸಿದರು. ಗುರುತ್ವ ಅಲೆ ಮೊದಲ ಸಲ ಸಿಕ್ಕಿದ್ದು 2015ರಲ್ಲಿ. ಎರಡು ಕಪ್ಪುಕುಳಿ ಕೂಡಿದ ಆ ಅಲೆಯ ಕೊನೆಯಲ್ಲಿ ಅಂಥದೇ ಅಡಗುವ ನಾದ ಇತ್ತು. ಅದನ್ನು ನೋಡುವವರೆಗೂ ಅವರು ಬದುಕಿದ್ದರು, 2017ರಲ್ಲಿ ತೀರಿಕೊಂಡರು. ಬೆಂಗಳೂರಿನ ನೆಹರು ತಾರಾಲಯದ ಮೊದಲ ನಿರ್ದೇಶಕರೂ ಅವರೇ.

ಅಪ್ಪನ ಪ್ರಶ್ನೆಗೆ ಉತ್ತರ

ಸುಳ್ಳು ಆಸೆ ಹುಟ್ಟಿಸಬಾರದು. ಇದು ಉದ್ದ ದಾರಿ. ಬಿಎಸ್ಸಿ, ಎಂಎಸ್ಸಿ, ಪಿಎಚ್‌ಡಿ ಅಂದರೆ ಹತ್ತು ವರ್ಷ ಹಿಡಿಯುತ್ತೆ. ಎಲ್ಲರೂ ವಿಜ್ಞಾನಿ ಆಗುವುದಿಲ್ಲ. ಆದರೆ ದಾರಿಯಲ್ಲಿ ಇಳಿಯುವ ಸ್ಟಾಪ್‌ಗಳಿವೆ: ಬಿಎಡ್ ಮಾಡಿ ಹೈಸ್ಕೂಲ್, ಎಂಎಸ್ಸಿ ಆಗಿ ನೆಟ್ ಅಥವಾ ಕೆಸೆಟ್ ಪಾಸಾದರೆ ಡಿಗ್ರಿ ಕಾಲೇಜು. ಕೋಡಿಂಗ್ ಕಲಿತಿದ್ದರೆ ಡೇಟಾ ಕೆಲಸಕ್ಕೂ ಪ್ರಯತ್ನಿಸಬಹುದು. ಪಿಎಚ್‌ಡಿಗೆ ಸೀಟು ಸಿಕ್ಕರೆ ಫೆಲೋಶಿಪ್ ಬರುತ್ತೆ, ಮನೆಯಿಂದ ದುಡ್ಡು ಕೇಳಬೇಕಿಲ್ಲ. ನಮ್ಮಂಥ ಇಂಜಿನಿಯರಿಂಗ್‌ನವರಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ನಮ್ಮ ರೂಮಿನ ಒಬ್ಬ ಈಗ ಹಳೆಯ ಫಿಸಿಕ್ಸ್ ಪುಸ್ತಕ ಮತ್ತೆ ತೆಗೆದಿದ್ದಾನೆ.

ಕೋಟೆಯ ಅಪ್ಪ ಇನ್ನೂ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ಬಿಎಡ್ ಸೇರಿಸಿದ ಕೋರ್ಸಿನ ಬಗ್ಗೆ ಮಾತ್ರ ಎರಡು ಸಲ ಕೇಳಿದರು. ತಂಗಿಯೋ ಸೂರ್ಯನ ಲೆಕ್ಕ ಮುಗಿಸಿ "ಅಣ್ಣ, ಹಂಗಾರೆ ಚಂದ್ರನ್ನ ಇಟ್ಕೊಂಡು ಭೂಮೀನೂ ತೂಗ್ಬೋದಲ್ವಾ?" ಅಂದಳು.

ತೂಗಬಹುದು. ಚಂದ್ರನ ದೂರ 3,84,000 ಕಿ.ಮೀ., ವೇಗ ಸೆಕೆಂಡಿಗೆ ಸುಮಾರು 1.02 ಕಿ.ಮೀ. ಮೀಟರಿಗೆ ಬದಲಾಯಿಸಿ ಅದೇ ಸೂತ್ರದಲ್ಲಿ ಹಾಕಿ. ಸುಮಾರು 6 × 10²⁴ ಕೆ.ಜಿ. ಬಂದರೆ ನಿಮ್ಮ ಲೆಕ್ಕ ಸರಿ.